ಮಿಠಾಯಿ ಡಬ್ಬಿಯಲ್ಲಿದ್ದ ಏಳು ಗಾಜು

“ಬೆರಳಿಗೆ ಬಣ್ಣ ಹತ್ತಿದ ಮಾತ್ರಕ್ಕೆ ತಲೆಗೆ ವಿದ್ಯೆ ಹತ್ತಿತು ಅಂದ್ಕೊಂಡ್ಯೇನೋ? ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ಕ್ಯಾನ್ಸರಿನ ಜಾತಿ ಹೇಳೋಕೆ ಬಂದ. ಇನ್ನೊಂದ್ಸಲ ಬಾಯಿ ಹಾಕಿದ್ರೆ ಮನೆಗೆ ಹೋಗ್ತೀಯ.”

ಡಾಕ್ಟರ್ ವಾಮನಮೂರ್ತಿ ಇದನ್ನು ಸೂಕ್ಷ್ಮದರ್ಶಕದಿಂದ ಕಣ್ಣೆತ್ತದೆಯೇ ಹೇಳಿದರು. ಸುತ್ತ ನಿಂತಿದ್ದ ಆರು ಮಂದಿ ವಿದ್ಯಾರ್ಥಿಗಳು ನಕ್ಕರು. ನಾನು ನನ್ನ ಬೆರಳುಗಳನ್ನೇ ನೋಡುತ್ತಾ ನಿಂತೆ. ಉಗುರಿನ ಸಂದಿಯಿಂದ ಎರಡನೇ ಗೆಣ್ಣಿನವರೆಗೆ ನೇರಳೆ.

ಆಸ್ಪತ್ರೆಯ ಆ ಪ್ರಯೋಗಾಲಯದಲ್ಲಿ ನಾಲ್ಕು ವರ್ಷದಿಂದ ನನ್ನ ಕೆಲಸ ಅದೇ. ರೋಗಿಯ ಮೈಯಿಂದ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ, ಬೆಳ್ಳುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆದು, ಗಾಜಿಗೆ ಅಂಟಿಸಿ, ಬಣ್ಣ ಹಾಕಿ ಡಾಕ್ಟರ ಮುಂದಿಡುವುದು. ರೋಗ ಯಾವುದೆಂದು ಹೇಳುವುದು ನನ್ನ ಕೆಲಸವಲ್ಲ. ಆದರೆ ಬಣ್ಣ ಸರಿಯಾಗಿ ಕೂತಿದೆಯೇ ಎಂದು ಮೂಲೆಯ ಹಳೇ ಸೂಕ್ಷ್ಮದರ್ಶಕದಲ್ಲಿ ದಿನಕ್ಕೆ ನೂರು ಗಾಜು ನೋಡುವವನ ಕಣ್ಣನ್ನು ಯಾರು ಕಟ್ಟಿಹಾಕುತ್ತಾರೆ?

ಶ್ವಾಸಕೋಶದ ಕ್ಯಾನ್ಸರಿನ ಬಗೆಗಳಿಗೆ ಡಾಕ್ಟರ ಬಾಯಲ್ಲಿ ಉದ್ದುದ್ದ ಹೆಸರುಗಳಿದ್ದವು. ನನಗೆ ಗುರುತು ಮಾತ್ರ ಇದ್ದವು. ಬಳೆ ಹರಡಿದ ಹಾಗೆ ಉಂಗುರ ಉಂಗುರವಾಗಿ ಕಾಣುವುದು ಒಂದು. ಈರುಳ್ಳಿಯಂತೆ ಸುತ್ತು ಸುತ್ತಾಗಿ ಪದರ ಕಟ್ಟುವುದು ಇನ್ನೊಂದು. ಸಣ್ಣ ಕಪ್ಪು ಕಣಗಳು, ಚೆಲ್ಲಿದ ರಾಗಿಯಂತೆ ಒಂದನ್ನೊಂದು ಒತ್ತಿಕೊಂಡಿದ್ದರೆ ಅದು ‘ಸ್ಮಾಲ್ ಸೆಲ್’, ಎಲ್ಲಕ್ಕಿಂತ ಕೆಟ್ಟದ್ದು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹರಡುತ್ತದೆ, ಹಾಗಾಗಿ ಕತ್ತರಿಸಿ ತೆಗೆಯುವ ಮಾತೇ ಸಾಮಾನ್ಯವಾಗಿ ಇರುವುದಿಲ್ಲ. ಅದರ ದಾಯಾದಿಯೊಂದಿದೆ, ‘ಕಾರ್ಸಿನಾಯ್ಡ್’. ಅಪರೂಪದ್ದು, ಸಮಾಧಾನದ ಪ್ರಾಣಿ. ಹೊತ್ತಿಗೆ ಸರಿಯಾಗಿ ಕತ್ತರಿಸಿ ತೆಗೆದರೆ ಬಹಳ ಮಟ್ಟಿಗೆ ಅಲ್ಲಿಗೇ ಮುಗಿಯಿತು.

ಅಂದು ಡಾಕ್ಟರು ಸ್ಮಾಲ್ ಸೆಲ್ ಎಂದು ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದ ಗಾಜು ನಾನೇ ಮಾಡಿದ್ದು. ಚೂರು ತೆಗೆಯುವಾಗ ಚಿಮುಟ ಒತ್ತಿ ಕಣಗಳು ಜಜ್ಜಿಹೋಗಿವೆ, ಅದಕ್ಕೇ ಕಪ್ಪಗೆ ಕಾಣುತ್ತಿವೆ, ಅಂಚಿನಲ್ಲಿ ಬೇರೆ ಥರ ಇದೆ ಎಂದಿದ್ದೆ. ಅಷ್ಟಕ್ಕೇ ಆ ಮಾತು.

ಹೊರಗೆ ಬಂದು ಬಕೆಟ್ಟಿಗೆ ಒದ್ದೆ. ನನ್ನ ಜೊತೆ ಬಣ್ಣ ಹಾಕುತ್ತಿದ್ದ ಫಿಲೋಮಿನಕ್ಕ ತಲೆಯೆತ್ತಿ, “ಅದನ್ಯಾಕೆ ಒದೀತೀಯೋ, ಅದೂ ಪಾಪ ಶಾಲೆ ಬಿಟ್ಟಿದ್ದೇ” ಎಂದಳು. ಇನ್ನು ಸಾಯುವತನಕ ಆ ಮನುಷ್ಯನ ಜೊತೆ ಒಂದು ಮಾತೂ ಆಡುವುದಿಲ್ಲ ಎಂದು ಅವಳೆದುರೇ ಶಪಥ ಮಾಡಿದೆ.

ಆಗ ಕಿಟಕಿಯಲ್ಲಿ ಒಂದು ಮುಖ ಕಾಣಿಸಿತು. ಕರಿಬಸಪ್ಪ, ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಮೂವತ್ತನಾಲ್ಕು ವಯಸ್ಸು, ಬೀಡಿ ಮುಟ್ಟಿದವನಲ್ಲ, ವರ್ಷದಿಂದ ಕೆಮ್ಮಿದರೆ ರಕ್ತ. ಆ ಗಾಜಿನಲ್ಲಿದ್ದದ್ದು ಅವನ ಎದೆಯ ಚೂರು. ವರದಿ ನಾಳೆ ಎಂದೆ. ಅವನು ಹೋಗಲಿಲ್ಲ.

“ತಮ್ಮಾ, ನಾನು ಒಂದು, ಎರಡು ಅಂತ ಕೂಗಿ ಬದುಕೋನು. ಮೂರು ಅಂದ್ರೆ ಮಾಲು ಹೋದಂಗೆ. ನಿಮ್ಮ ಡಾಕ್ಟರು ಈಗ ಎಷ್ಟರಲ್ಲವ್ರೆ?”

“ಎರಡರಲ್ಲಿ.”

“ಹಂಗಾದ್ರೆ ಒಸಿ ಎಳೀರಿ” ಎಂದು ನಕ್ಕು, ಹೊರಗಿನ ಬೆಂಚಿನ ಮೇಲೆ ಕೂತ.

ಮೇಣದ ಅಚ್ಚಿನಲ್ಲಿ ಅವನ ಚೂರು ಮುಗಿದುಹೋಗಿತ್ತು. ಆದರೆ ನನಗೊಂದು ಜಿಪುಣ ಚಾಳಿ ಇತ್ತು. ಹೆರೆಯುವಾಗ ಡಾಕ್ಟರಿಗೆ ಎರಡು ಪೊರೆ ಸಾಕು, ನಡುವಿನವು ಕಸದ ಬುಟ್ಟಿಗೆ. ಮನುಷ್ಯನ ಎದೆಯೊಳಗಿಂದ ತಂದದ್ದನ್ನು ಬಿಸಾಕಲು ಕೈ ಬಾರದೆ, ಅವನ್ನೂ ಗಾಜಿಗೆ ಹತ್ತಿಸಿ ಹಳೇ ಮಿಠಾಯಿ ಡಬ್ಬಿಯಲ್ಲಿ ಸಂಖ್ಯೆ ಬರೆದು ಇಡುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಕರಿಬಸಪ್ಪನದು ಏಳು ಗಾಜು ಇತ್ತು.

ಎರಡಕ್ಕೆ ಬಣ್ಣ ಹಾಕಿ ನೋಡಿದೆ. ಜಜ್ಜದ ಜಾಗ ಸಿಕ್ಕಿತು. ಒಂದೇ ಅಳತೆಯ ಕಣಗಳು, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲುಸಾಲಾಗಿ, ಗಲಾಟೆಯಿಲ್ಲದೆ. ಕಾರ್ಸಿನಾಯ್ಡಿನ ಗುರುತು ಅದೇ. ನಾನು ಬಿಟ್ಟು ಓಡಿಬಂದಿದ್ದ ಸಾಲು ಅಲ್ಲಿ ನಿಂತಿತ್ತು.

ಕೆಲಸ ಹೋದರೆ ಹೋಗಲಿ ಎಂದುಕೊಂಡೆ. ಶಪಥ ಮುರಿಯದೆ, ಡಾಕ್ಟರು ಸಹಿ ಹಾಕಬೇಕಾಗಿದ್ದ ವರದಿಯ ಮೇಲೆ ಆ ಎರಡು ಗಾಜು ಇಟ್ಟು ಬಂದೆ.

ಅರ್ಧ ಗಂಟೆ ಕಳೆಯಿತು. ಆಮೇಲೆ ಅವರೇ ನಮ್ಮ ಮೇಜಿಗೆ ಬಂದರು. “ಇನ್ನೂ ಇದೆಯಾ?” ಡಬ್ಬಿ ಮುಂದೆ ತಳ್ಳಿದೆ. ಎಷ್ಟು ಕಣಗಳು ಒಡೆದು ಎರಡಾಗಲು ಹೊರಟಿವೆ ಎಂದು ತೋರಿಸುವ ಬಣ್ಣವೊಂದಿದೆ. ಅವು ಕಂದಾಗುತ್ತವೆ, ಉಳಿದವಕ್ಕೆ ನೇರಳೆ ಕೊಡಬೇಕು. ಡಾಕ್ಟರು ತೋಳು ಮಡಚಿ, ಕೈಗವಸು ಮರೆತು, ತಾವೇ ಆ ಕೆಲಸಕ್ಕೆ ನಿಂತರು. ಫಿಲೋಮಿನಕ್ಕ ನನ್ನ ಕಡೆ ನೋಡಿ ಹುಬ್ಬು ಕುಣಿಸಿದಳು.

ಮರುದಿನ ಎಣಿಸಿದರು. ನೂರಕ್ಕೆ ಒಂದು ಕಂದು. ಸ್ಮಾಲ್ ಸೆಲ್ ಆಗಿದ್ದರೆ ಹೆಚ್ಚುಕಡಿಮೆ ಎಲ್ಲವೂ ಕಂದಾಗಬೇಕಿತ್ತು. ವರದಿಯಲ್ಲಿ ಕಾರ್ಸಿನಾಯ್ಡ್ ಎಂದು ಬರೆದರು. ಮುಂದೆ ಕರಿಬಸಪ್ಪನಿಗೆ ಆಪರೇಷನ್ ಆಯಿತು, ಮತ್ತೆ ಮಂಡಿಯಲ್ಲಿ ಗಂಟಲು ಹರಿಯುವ ಹಾಗೆ ಕೂಗಿದ. ಆದರೆ ನನಗೆ ಹೆಚ್ಚು ನೆನಪಿರುವುದು ವರದಿ ಬರೆದ ಆ ಮಧ್ಯಾಹ್ನ.

ಅದೇ ಆರು ಮಂದಿ ವಿದ್ಯಾರ್ಥಿಗಳನ್ನು ನಿಲ್ಲಿಸಿ ಡಾಕ್ಟರು ನನ್ನನ್ನು ಕರೆಸಿದರು. “ನಿನ್ನೆ ನಾನಂದದ್ದು ತಪ್ಪು. ಇವನಿಗೆ ಕಂಡದ್ದು ನನಗೆ ಕಾಣಲಿಲ್ಲ. ಹೇಗೆ ಕಂಡಿತು ಅಂತ ನೀನೇ ಇವರಿಗೆ ಹೇಳಪ್ಪ” ಎಂದು ಗಾಜನ್ನು ನನ್ನತ್ತ ಚಾಚಿದರು.

ಹಿಂದಿನ ದಿನದಿಂದ ಖಾರ ಅರೆದು ಸಿದ್ಧ ಮಾಡಿಟ್ಟುಕೊಂಡಿದ್ದ ಉತ್ತರ ನಾಲಗೆಯ ತುದಿಯಲ್ಲಿತ್ತು. ಬಾಯಿ ತೆರೆದೆ. ಆಗ ಅವರ ಬೆರಳು ಕಂಡಿತು. ಉಗುರಿನ ಸಂದಿಯೆಲ್ಲ ನೇರಳೆ. ಸೋಪು ಹಾಕಿ ಉಜ್ಜಿ ಉಜ್ಜಿ ಚರ್ಮ ಕೆಂಪಗಾಗಿತ್ತು, ಬಣ್ಣ ಹೋಗಿರಲಿಲ್ಲ. ವಾರ ಬೇಕು, ನನಗೆ ಗೊತ್ತು.

ನಗು ಉಕ್ಕಿಬಂತು. ಗಾಜನ್ನು ತೆಗೆದುಕೊಂಡು ತಟ್ಟೆಯಲ್ಲಿಟ್ಟು ಹೊರಟುಬಿಟ್ಟೆ.

ಹೊರಗಿನ ಬೆಂಚಿನಿಂದ ಕರಿಬಸಪ್ಪ ಎದ್ದು ನಿಂತ. “ಎಷ್ಟರಲ್ಲೈತೆ ತಮ್ಮಾ?”

ನಡೆಯುತ್ತಲೇ ಕೈ ಮೇಲೆತ್ತಿದೆ. ಬಿಸಿಲಿನಲ್ಲಿ ಎರಡೇ ಬೆರಳು, ನೇರಳೆ.