ಜರ್ಮನಿಗೆ ಹೊರಟ ಕೈಗಳು

“ಮುಖ ಚಂದ ಬಂದೈತಿ ಮೇಡಂ, ಆದ್ರ ಈ ಕೈ ನಡೆಯಂಗಿಲ್ಲ,” ಎಂದ ಗುರುಪಾದ, ಜೇಡಿಮಣ್ಣಿನ ಬಸವಣ್ಣನಿಗೆ ಇನ್ನೊಂದು ಸುತ್ತು ಹಾಕಿ. “ಬಿಜ್ಜಳನ ಪ್ರಧಾನಿ ಆಗಿದ್ದವರು ಅವರು. ಇದೇನ್ರೀ, ಗಾರೆ ಕಲಸೋ ಕೈ!”

ಮುಂಬಯಿಯ ಘಾಟ್ಕೋಪರಿನ ಆ ಶೆಡ್ಡಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ ರಾಮಪ್ಪ ಎರಡೂ ಕೈಗಳನ್ನು ಮೆಲ್ಲಗೆ ತೊಡೆಯ ಕೆಳಗೆ ಸೇರಿಸಿಕೊಂಡ. ಅವನು ಗಾರೆ ಕೆಲಸದವನೇ. ಮೂರು ಭಾನುವಾರ ಇಲ್ಲಿ ಕೂತು ಶಿಲ್ಪಿ ಸಾಧನಾ ಮಾಡುತ್ತಿದ್ದ ಮೂರ್ತಿಯ ಕೈಗಳಿಗೆ ಮಾದರಿಯಾಗಿದ್ದ. ಹೆಂಡತಿ ಹಾಲವ್ವ “ನಮ್ಮವ್ರ ಕೈ ಜರ್ಮನಿಗೆ ಹೊಂಟಾವು” ಎಂದು ಚಾಳಿನ ಮನೆಮನೆಗೂ ಸಾರಿ, ಊರಿಗೂ ಫೋನ್ ಹಚ್ಚಿದ್ದಳು. ಈಗ ಅವಳಿಗೆ ಏನಂತ ಹೇಳುವುದು?

ಗುರುಪಾದ ಈ ಬಸವಣ್ಣನ ಮೂರ್ತಿ ಸಮಿತಿಯ ಕಾರ್ಯದರ್ಶಿ. ಜರ್ಮನಿಯ ಊರೊಂದು ಮೂರ್ತಿಗೆ ತನ್ನ ಪಾರ್ಕಿನಲ್ಲಿ ಜಾಗ ಕೊಟ್ಟಿತ್ತು. ಅನಾವರಣಕ್ಕೆ ಮಂತ್ರಿಗಳು ಹೋಗುವವರಿದ್ದರು. ಹಿಂದಿನ ಮಂತ್ರಿಗಳು ಕಿರೀಟ ಬೇಡ ಅಂದಿದ್ದರು. ಸರಕಾರ ಬದಲಾಯಿತು, ಹೊಸಬರಿಗೆ ಕಿರೀಟ ಬೇಕೇ ಬೇಕು.

“ಕಿರೀಟ ಇಡ್ರಿ, ಕೈ ನುಣ್ಣಗ ಮಾಡ್ರಿ, ಎರಡು ಉಂಗುರ ಹಾಕ್ರಿ. ಮುಗೀತು.”

“ಅನಾವರಣ ಯಾವಾಗ ಸಾರ್?” ಬೆಂಗಳೂರಿನ ಸಾಧನಾಳದು ಮೆತ್ತನೆಯ ಮಾತು.

“ಎಲೆಕ್ಷನ್ ಡಿಕ್ಲೇರ್ ಆಗೋದ್ರೊಳಗ. ನೀತಿಸಂಹಿತೆ ಬಂತಂದ್ರ ಸಾಹೇಬ್ರು ವಿಮಾನ ಹತ್ತಂಗಿಲ್ಲ.”

“ಹಾಗಾದ್ರೆ ಸೋಮವಾರವೇ ಕಂಚಿನ ಎರಕಕ್ಕೆ ಕೊಡ್ಬೇಕು. ಕಿರೀಟ ಆಗುತ್ತೆ, ಇಲ್ಲಾ ಕೈ ಆಗುತ್ತೆ. ಎರಡೂ ಆಗಲ್ಲ. ನೀವೇ ಹೇಳಿ.”

ಗುರುಪಾದ ಬಾಗಿಲಿಗೆ ಹೋಗಿ ಫೋನ್ ಹಚ್ಚಿದ. “ಹೌದ್ರಿ ಸಾಹೇಬ್ರ... ಫೋಟೋದಾಗ ಕಾಣೋದು ತಲೀನೇ ಅಲ್ರೀ... ಹಾರ ಹಾಕಿದ್ರ ಕೈ ಮುಚ್ಚೇ ಹೋಗ್ತಾವ...” ಒಳಗೆ ಬಂದವನ ಮುಖ ಗೆಲುವಾಗಿತ್ತು. “ಕಿರೀಟ!” ಎಂದವನೇ ಲೋಕಲ್ ಟ್ರೇನ್ ಹಿಡಿಯಲು ಓಡಿದ.

ರಾಮಪ್ಪ ಸಾಧನಾಳತ್ತ ತಿರುಗಿದ. “ಖರೇನ ಎರಡೂ ಆಗ್ತಿರ್ಲಿಲ್ಲೇನ್ರಿ ಅಕ್ಕಾರ?”

“ಕೈ ನುಣ್ಣಗೆ ಮಾಡಿ ಉಂಗುರ ಹಾಕೋಕೆ ಅರ್ಧ ಗಂಟೆ ಸಾಕಿತ್ತು,” ಸಾಧನಾ ನಕ್ಕಳು. “ಕಿರೀಟಾನ ಬೇರೆಯಾಗಿ ಎರಕ ಹೊಯ್ದು ಸ್ಕ್ರೂ ಹಾಕ್ತೀನಿ. ಸರಕಾರ ಬದಲಾದ್ರೆ ಬಿಚ್ಕೊಳ್ಳಲಿ. ಕೈ ಹಾಗಲ್ಲ, ಮೈಗೇ ಸೇರಿರುತ್ತೆ. ಬನ್ನಿ, ಎಡಗೈ ಹೆಬ್ಬೆರಳು ಬಾಕಿ ಇದೆ.”

ರಾಮಪ್ಪ ಕೈ ಹೊರತೆಗೆದು, ಉಗುರಿನ ಸಂದಿಯ ಸಿಮೆಂಟನ್ನು ಅಂಗಿಗೆ ಉಜ್ಜತೊಡಗಿದ.

“ಇರಲಿ ಬಿಡಿ.”

ಅವನು ಉಜ್ಜುವುದನ್ನು ನಿಲ್ಲಿಸಿದ. ಸ್ಟೂಲನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು, ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಅಗಲವಾಗಿ ಬಿಚ್ಚಿಟ್ಟು ಕೂತ.