ಕೇಳಿದ ಮೇಲೆ

"ಮದ್ರಾಸಿಗೆ ಮಗಳ್ನ ಕೊಡಾಕಾಯ್ತದಾ ನಂಜಪ್ಪ? ನೀನೇ ಯೋಳು," ಎಂದು ಅಂದಾನಯ್ಯ ವೀಳ್ಯದ ತಟ್ಟೆಯನ್ನು ಬೆರಳ ತುದಿಯಿಂದ ಅತ್ತ ತಳ್ಳಿದ.

ತಾಳವಾಡಿ ಕಡೆಯಿಂದ ಬಸ್ಸು ಬದಲಾಯಿಸಿಕೊಂಡು ಬೆಳಗ್ಗೆಯೇ ಪಾಲಹಳ್ಳಿಗೆ ಬಂದಿದ್ದ ನಂಜಪ್ಪ ತಬ್ಬಿಬ್ಬಾದ. ಅಕ್ಕನ ಮಗಳು ಇಂದ್ರಮ್ಮ ತನ್ನ ಮಗ ಚಿಕ್ಕಮಾದನಿಗೇ ಎಂಬುದು ಅವಳು ತೊಟ್ಟಿಲಲ್ಲಿದ್ದಾಗಲೇ ಆಗಿದ್ದ ಮಾತು. ಈಗ ಒಪ್ಪಿಗೆ ಶಾಸ್ತ್ರ ಮುಗಿಸಿಕೊಂಡು ಹೋಗೋಣವೆಂದು ಬಂದರೆ ಭಾವ ಹೀಗೆನ್ನುತ್ತಿದ್ದಾನೆ.

"ನಮ್ಮೂರು ಎಲ್ಗೂ ವೋಗಿಲ್ಲ ಕನ ಬಾವ. ಇದ್ದಲ್ಲೇ ಅದ," ಎಂದ.

ಅದೇನೋ ನಿಜ. ಐವತ್ತಾರನೆಯ ಇಸವಿಯ ಶ್ರಾವಣ ಅದು. ರಾಜ್ಯಗಳನ್ನು ಹೊಸದಾಗಿ ವಿಂಗಡಿಸುವ ಕಾನೂನು ದಿಲ್ಲಿಯಲ್ಲಿ ಆಗಿತ್ತು. ಮದ್ರಾಸಿನ ಕೈಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಬರುತ್ತದೆ, ಕನ್ನಡವನ್ನೇ ಆಡುವ ತಾಳವಾಡಿ ಮಾತ್ರ ಮದ್ರಾಸಿನಲ್ಲೇ ಉಳಿಯುತ್ತದೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ತಾಳವಾಡಿಯ ತನ್ನ ಮಾವನ ಮನೆ ಮೈಸೂರು ಸೀಮೆಗೆ ಸೇರಿಹೋಯಿತೆಂದೇ ಅಂದಾನಯ್ಯ ವರ್ಷದಿಂದ ಅರಳಿಕಟ್ಟೆಯಲ್ಲಿ ಜಂಬ ಕೊಚ್ಚಿದ್ದ. ಈಗ ಕಟ್ಟೆಯ ಕಡೆ ತಲೆ ಹಾಕುವಂತಿರಲಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವ ಹಾಗೆ, ದಿಲ್ಲಿಯ ಮೇಲಿನ ಸಿಟ್ಟು ಬಾಮೈದನ ಮೇಲೆ ಇಳಿಯಿತು. ತಾನೂ ಅದೇ ಮದ್ರಾಸಿನಿಂದ ಹೆಣ್ಣು ತಂದವನೆಂಬುದು ಅವನಿಗೆ ನೆನಪಾಗಲಿಲ್ಲ. ಹೆಣ್ಣು ತರುವಾಗ ಕಾಣದ ಗಡಿ ಕೊಡುವಾಗ ಕಾಣುವುದು ಲೋಕದ ರೂಢಿ.

ನಂಜಪ್ಪನ ಅಕ್ಕ ಲಕ್ಷ್ಮಿದೇವಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅಪ್ಪ ಅವ್ವ ಇಬ್ಬರೂ ತೀರಿಕೊಂಡ ಮೇಲೆ ತವರಿಗೆ ಹೋಗಲು ಆಕೆಗೊಂದು ನೆಪ ಬೇಕಾಗುತ್ತಿತ್ತು. ಮಗಳನ್ನೇ ಅಲ್ಲಿಗೆ ಕೊಟ್ಟರೆ ನೆಪದ ಹಂಗಿಲ್ಲ. ತಾನು ಹುಟ್ಟಿದ ಮನೆಯ ಒಲೆಯನ್ನು ಮಗಳು ಹಚ್ಚುತ್ತಾಳೆಂಬ ಒಂದೇ ಆಸೆಯನ್ನು ಆಕೆ ಇಷ್ಟು ವರ್ಷ ಸಾಕಿಕೊಂಡು ಬಂದಿದ್ದಳು. ಈ ಸಂಬಂಧ ಮುರಿದರೆ ತವರು ನಿಜಕ್ಕೂ ಪರರಾಜ್ಯವಾಗುತ್ತಿತ್ತು.

ಶಾಸ್ತ್ರಕ್ಕೆ ಹಿರಿಯರಾಗಿ ಕೂತಿದ್ದವರು ಅಂದಾನಯ್ಯನ ದೊಡ್ಡಪ್ಪನ ಮಗ, ಶ್ರೀರಂಗಪಟ್ಟಣದ ವಕೀಲ ಹೊನ್ನಪ್ಪ. ನಮ್ಮ ನೆಂಟರ ಹೊಲದ ಮೇಲೆ ಗೆರೆ ಎಳೆಯಲು ದಿಲ್ಲಿಯವರಿಗೆ ಅಧಿಕಾರ ಕೊಟ್ಟವರು ಯಾರು ಎಂದು ಅಂದಾನಯ್ಯ ಅವರನ್ನೇ ಕೇಳಿದ. ವಕೀಲರಿಗೆ ಅಷ್ಟು ಸಾಕಾಗಿತ್ತು. ಕೊಟ್ಟಿರುವುದು ಸಂವಿಧಾನ, ಅದರ ಮೂರನೆಯ ವಿಧಿ ಎಂದರು. ರಾಜ್ಯವನ್ನು ಹಿಗ್ಗಿಸಲಿ, ಕುಗ್ಗಿಸಲಿ, ಗಡಿ ಬದಲಿಸಲಿ, ಅದು ಪಾರ್ಲಿಮೆಂಟಿನ ಕೈಯಲ್ಲಿದೆ. ಆದರೆ ಮಸೂದೆಯನ್ನು ಮೊದಲು ಆಯಾ ರಾಜ್ಯದ ಶಾಸನಸಭೆಗೆ ಕಳಿಸಿ ಅಭಿಪ್ರಾಯ ಕೇಳಬೇಕು. ಮೈಸೂರನ್ನೂ ಕೇಳಿದ್ದಾರೆ, ಮದ್ರಾಸನ್ನೂ ಕೇಳಿದ್ದಾರೆ ಎಂದು ವಿವರಿಸಿದರು.

"ಕೇಳಿದ್ಮೇಲೆ?"

"ಕೇಳ್ತಾರೆ ಕಣಪ್ಪ, ಅಷ್ಟೇಯ. ಇವ್ರು ಯೋಳ್ದಂಗೇ ಮಾಡ್ಬೇಕು ಅಂತ ಏನಿಲ್ಲ."

ನಡೆಸದೇ ಇರುವುದಾದರೆ ಕೇಳುವುದಾದರೂ ಏತಕ್ಕೆ ಎಂದು ಅಂದಾನಯ್ಯ ತೊಡೆ ತಟ್ಟಿಕೊಂಡ. ಅಲ್ಲಿ ಬದುಕುವ ನಮ್ಮನ್ನಂತೂ ಯಾರೂ ಕೇಳಲಿಲ್ಲ ಎಂದು ನಂಜಪ್ಪ ನೆಲ ನೋಡುತ್ತ ಅಂದ.

ಆಗ ಲಕ್ಷ್ಮಿದೇವಮ್ಮ ಹೊಸಲು ದಾಟಿ ಈಚೆ ಬಂದಳು. ಗಂಡನ ಅಣ್ಣನ ಎದುರು ಆಕೆ ಅದುವರೆಗೆ ದನಿ ಎತ್ತಿದವಳಲ್ಲ.

"ನನ್ ಮದ್ವೇಲಿ ನನ್ನ ಕೇಳಿದ್ದೂ ಅಂಗೇ ಅಲ್ವಾ ಬಾವ? ಪಡಸಾಲೇಲಿ ಎಲೆ ಅಡ್ಕೆ ಬದ್ಲಾಯ್ಸ್‌ಬುಟ್ಟು, ಆಮ್ಯಾಕೆ ಒಳೀಕ್ ಬಂದು ಒಪ್ಗೆ ತಾನೆ ಕಣವ್ವ ಅಂದ್ರಿ. ಒಲ್ಲೆ ಅಂದಿದ್ರೆ ಏನ್ ಮಾಡ್ತಿದ್ರಿ? ಈ ಸಲ ಅಂಗ್ ಬ್ಯಾಡ. ಇಂದ್ರಿನ ಕೇಳಿ. ಅವ್ಳು ಯೋಳ್ದಂಗೇ ನಡೀಲಿ."

ಮಗಳು ಹೂಂ ಅನ್ನುತ್ತಾಳೆಂದು ಆಕೆಗೆ ಖಾತ್ರಿಯಿತ್ತು. ಗಂಡನ ಹಠ ಮುರಿಯಲು ಇದಕ್ಕಿಂತ ಒಳ್ಳೆಯ ದಾರಿ ಆಕೆಗೆ ಹೊಳೆದಿರಲಿಲ್ಲ.

ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ ಇಂದ್ರಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಕಂಬದ ಪಕ್ಕ ನಿಂತಳು. ಹೊನ್ನಪ್ಪನವರು ವಿಷಯ ಹೇಳಿ, ನಿನ್ನ ಮನಸ್ಸಿನಲ್ಲಿ ಏನಿದೆ ತಾಯಿ ಎಂದರು. ಅವಳು ನಂಜಪ್ಪನ ಮುಖವನ್ನೇ ನೋಡುತ್ತ ಹೇಳಿದಳು:

"ಮಾವ, ನಿಮ್ಮೂರು ಮದ್ರಾಸಲ್ಲಿರ್ಲಿ, ಮೈಸೂರಲ್ಲಿರ್ಲಿ, ನಂಗೆ ಒಂದೇಯ. ಆದ್ರೆ ಚಿಕ್ಕಮಾದನ ಜತೇಲಿ ಆಡ್ಕಂಡ್ ಬೆಳ್ದಿವ್ನಿ. ಅವನ್ನ ಗಂಡ ಅನ್ಕಳಾಕೆ ಮನ್ಸು ಬರಾಕಿಲ್ಲ. ನಂಗೆ ಒಪ್ಗೆ ಇಲ್ಲ."

ಬೆಳಗಿನಿಂದ ಬೇಡವೆಂದು ಪಟ್ಟು ಹಿಡಿದಿದ್ದ ಅಂದಾನಯ್ಯನೇ ಮೊದಲು ಕಣ್ಣು ಕೆಂಪಗೆ ಮಾಡಿದ. ಅಪ್ಪ ಬೇಡವೆನ್ನುವುದು ಬೇರೆ, ಮಗಳು ಬೇಡವೆನ್ನುವುದು ಬೇರೆ. ಹೊನ್ನಪ್ಪನವರು, ಹುಡುಗಿಯ ಅಭಿಪ್ರಾಯ ಕೇಳಿದ್ದಾಯಿತು, ಇನ್ನು ಹಿರಿಯರು ಕೂತು ಯೋಚನೆ ಮಾಡೋಣ ಎಂದರು. ಮಗಳು ಹೀಗೆನ್ನುತ್ತಾಳೆಂದು ಲಕ್ಷ್ಮಿದೇವಮ್ಮ ಎಣಿಸಿರಲಿಲ್ಲ. ವಕೀಲರ ಮಾತಿಗೆ ಹೂಂಗುಟ್ಟಿದ್ದರೆ ಸಾಕಿತ್ತು, ತವರು ಉಳಿಯುತ್ತಿತ್ತು. ಆಕೆ ಮಗಳನ್ನು ನೋಡಿದಳು. ಹುಡುಗಿಯ ತಲೆ ತಗ್ಗಿರಲಿಲ್ಲ. ತಾನು ಆ ವಯಸ್ಸಿನಲ್ಲಿ ಹೀಗೆ ನಿಲ್ಲಬಲ್ಲವಳಾಗಿರಲಿಲ್ಲ ಅನ್ನಿಸಿ ಆಕೆಗೆ ಹೆಮ್ಮೆ ಉಕ್ಕಿ ಬಂತು.

"ಕೇಳಿದ್ಮೇಲೆ ನಡೆಸ್ಬೇಕು ಬಾವ," ಎಂದಳು. "ಇಲ್ದಿದ್ರೆ ನಾವು ಡೆಲ್ಲಿಯೋರ್ನ ಆಡ್ಕಳಾದ್ಯಾಕೆ?"

ಅಲ್ಲಿಗೆ ಮಾತು ಮುಗಿಯಿತು. ತಮ್ಮನಿಗೆ ಮುದ್ದೆ ಬಡಿಸಿ, ಎರಡನೆಯದನ್ನು ಬೇಡವೆಂದರೂ ಹಾಕಿ, ಬಸ್ಸಿಗೆ ಬಿಟ್ಟುಬರಲು ಆಕೆಯೇ ಹೊರಟಳು.

"ನೀ ಒಂದ್ ಮಾತ್ ಯೇಳಿದ್ರ ಒಪ್ಕತಿದ್ಲು ಕನಕ್ಕ," ಎಂದ ನಂಜಪ್ಪ, ರಸ್ತೆ ಬಂದಾಗ.

"ಒಪ್ಕತಿದ್ಲು. ಅದ್ಕೇ ಯೋಳ್ನಿಲ್ಲ."

ನಂಜಪ್ಪ ಅಕ್ಕನ ಮುಖ ನೋಡಿದ. ಆಕೆಯ ಕಣ್ಣಲ್ಲಿ ನೀರಿತ್ತು. ಬಸ್ಸು ಬಂದಾಗ ಅವನು ಮೆಟ್ಟಿಲ ಮೇಲೆ ನಿಂತು, ಗೌರಿ ಹಬ್ಬಕ್ಕೆ ಬಾಗಿನ ತರುತ್ತೇನೆ, ತಪ್ಪಿಸುವುದಿಲ್ಲ ಎಂದ. ಬಸ್ಸು ಮೈಸೂರಿನ ಕಡೆ ತಿರುಗಿ ಮರೆಯಾಗುವವರೆಗೂ ಆಕೆ ನಿಂತಿದ್ದಳು.

ಹಿಂತಿರುಗುವಾಗ ಮೂಲೆಮನೆಯ ಬೀರಮ್ಮ ಜಗಲಿಯಿಂದಲೇ ಕೂಗಿ, ಇಂದ್ರಿಯ ಮದುವೆ ಗೊತ್ತಾಯಿತೇ ಎಂದು ವಿಚಾರಿಸಿದಳು.

"ಇಲ್ಲ ಕಣಕ್ಕ," ಎಂದಳು ಲಕ್ಷ್ಮಿದೇವಮ್ಮ, ಬೀದಿಗೆಲ್ಲ ಕೇಳುವಂತೆ. "ನನ್ ಮಗಳ್ನ ಕೇಳುದ್ವಿ. ಒಲ್ಲೆ ಅಂದ್ಲು."

ಬೀರಮ್ಮ ಮತ್ತೇನೋ ಕೇಳುವಷ್ಟರಲ್ಲಿ ಆಕೆ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ರಸ್ತೆಯ ನಟ್ಟನಡುವೆ ನಡೆದುಬಿಟ್ಟಿದ್ದಳು. ಕಬ್ಬು ತುಂಬಿಕೊಂಡು ಎದುರಿಗೆ ಬರುತ್ತಿದ್ದ ಗಾಡಿಯವನು ಹಗ್ಗ ಜಗ್ಗಿ, ಎತ್ತುಗಳನ್ನು ಪಕ್ಕಕ್ಕೆ ಹೊಡೆದುಕೊಂಡ.