ಪೀಠ ಹತ್ತಬಾರದವರು

ಸುಗ್ಗಿಯ ಬಿಸಿಲು ಏರುವ ಮುಂಚೆಯೇ ಕಣದ ಅಂಚಿನಲ್ಲಿ ಮೇವು ಕತ್ತರಿಸುವ ಯಂತ್ರ ಗರಗರ ಸದ್ದು ಹಚ್ಚಿತ್ತು. ಅದು ತಟ್ಟನೆ ನಿಂತಿತು. ಸ್ವಲ್ಪ ಹೊತ್ತಿಗೆ, ಪ್ರಾರ್ಥನಾಮಂದಿರದಲ್ಲಿ ಪೀಠ ಹತ್ತಿ ಗ್ರಂಥ ಓದುವ ದೊಡ್ಡಪ್ಪ ಬಲಗೈಗೆ ಟವೆಲು ಸುತ್ತಿಕೊಂಡು ಊರ ದಾದಿಯ ಹಿತ್ತಿಲ ಬಾಗಿಲಲ್ಲಿ ನಿಂತಿದ್ದ. ಊರಿಗೆಲ್ಲ ಅವನು ದೊಡ್ಡಪ್ಪನೇ. ಎರಡು ಬೆರಳು ಹೋಗಿದ್ದವು.

"ಸಣ್ಣ ಗಾಯ ಅನ್ನು ಮಗಳೇ. ಬೆರಳು ಹೋದದ್ದು ಯಾರಿಗೂ ಹೇಳಬೇಡ."

"ನನಗ್ಯಾಕೆ ದೊಡ್ಡಪ್ಪ ಊರ ಉಸಾಬರಿ," ಅಂದಳು ದಾದಿ.

ಅವಳ ಅಪ್ಪನೂ ಒಂದು ಕಾಲಕ್ಕೆ ಅದೇ ಪೀಠ ಹತ್ತಿ ಓದುತ್ತಿದ್ದವನು. ಸೌದೆ ಒಡೆಯುವಾಗ ಚಕ್ಕೆ ಸಿಡಿದು ಒಂದು ಕಣ್ಣು ಹೋಯಿತು. ಮರುವಾರವೇ ಈ ದೊಡ್ಡಪ್ಪ ಸಭೆಯಲ್ಲಿ ಎದ್ದು, ಊನವಾದ ದೇಹ ಪೀಠ ಹತ್ತಕೂಡದೆಂಬ ಸಾಲು ತೋರಿಸಿದ. "ಇನ್ನೊಂದು ಕಣ್ಣಿದೆಯಲ್ಲೋ," ಎಂದು ಅಪ್ಪ ಅಂಗಲಾಚಿದ. "ಗ್ರಂಥದಲ್ಲಿ ಒಂದಕ್ಷರ ತಪ್ಪಿಲ್ಲ," ಅಂದವನು ತಾನೇ ಪೀಠ ಹತ್ತಿದ. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದವನು ಹಾಗೇ ಸವೆದು ಹೋದ.

ದಾದಿ ದಿನವೂ ಗಾಯ ತೊಳೆದು, ಕೀವಾಗದಂತೆ ಕಾದಳು. ಮುದುಕ ಜ್ವರ ಬಂದು ಸತ್ತರೆ ಅವಳಿಗೆ ದಕ್ಕುವುದೇನು? ಅವನು ಗಟ್ಟಿಮುಟ್ಟಾಗಿ ಪೀಠದ ಮೇಲೆ ನಿಂತಿರಬೇಕು. ಆ ಸಾಲು ತಪ್ಪು, ನಿಮ್ಮಪ್ಪನಿಗೆ ನಾನು ಅನ್ಯಾಯ ಮಾಡಿದೆ ಎಂದು ಅವನ ಬಾಯಿಂದಲೇ ಬರಬೇಕು.

ಕೈ ಮುಕ್ಕಾಲು ಮಾಯ್ದ ವಾರ, ತುಂಬಿದ ಸಭೆಯಲ್ಲಿ ಓದಿನ ನಡುವೆ ಅವಳು ಎದ್ದಳು.

"ದೊಡ್ಡಪ್ಪ, ಕಟ್ಟು ಬಿಚ್ಚಿ ಕೈ ತೋರಿಸಿ."

"ಕಟ್ಟಿದವಳೇ ನೀನು, ನಿನಗೇ ಗೊತ್ತಿಲ್ವೇನೇ?" ಅಂದ ದರ್ಜಿ. ಜನ ನಕ್ಕರು.

"ನನಗೆ ಗೊತ್ತು ದರ್ಜಿಯಣ್ಣ. ನಿಮಗೂ ಗೊತ್ತಾಗ್ಲಿ ಅಂತ."

ದೊಡ್ಡಪ್ಪ ನಿಧಾನವಾಗಿ ಬಟ್ಟೆ ಬಿಚ್ಚಿದ. ನಗು ಅಡಗಿತು.

"ಈಗ ಹೇಳಿ. ಆ ಸಾಲು ತಪ್ಪೋ, ಇಲ್ಲಾ ನೀವು ಇಳೀತೀರೋ?"

ಪೀಠದ ಆಸೆ ಬಿಡುವವನಲ್ಲ, ತಪ್ಪೆಂದೇ ಅನ್ನುತ್ತಾನೆ ಎಂದು ಅವಳು ತುಟಿ ಕಚ್ಚಿ ಕಾದಳು. ಮುದುಕ ಗ್ರಂಥ ಮುಚ್ಚಿದ.

"ಗ್ರಂಥದಲ್ಲಿ ತಪ್ಪಿಲ್ಲ ಮಗಳೇ. ಮುಚ್ಚಿಟ್ಟಿದ್ದು ನನ್ನ ತಪ್ಪು."

ಮೆಟ್ಟಿಲು ಇಳಿದ.

"ಹಾಗಾದ್ರೆ ನಮ್ಮಪ್ಪ?" ಅವಳ ದನಿ ಸೀಳಿತು.

"ಅವನನ್ನ ಇಳಿಸಿದ್ದೂ ಸರೀನೇ."

ಅವಳ ಪಕ್ಕಕ್ಕೆ ಬಂದವನು ತಡೆದು ನಿಂತ. "ಇನ್ನೂ ಒಸರ್ತಾ ಇದೆ ಕಣಮ್ಮ. ಸಂಜೆ ಕಟ್ಟು ಹಾಕಿಸ್ಕೊಳ್ಳೋಕೆ ಬರ್ಲಾ?"

ದಾದಿ ಹಲ್ಲು ಬಿಗಿಹಿಡಿದು ಆ ಕೈಯನ್ನೇ ನೋಡಿದಳು.

"ಬನ್ನಿ," ಅಂದಳು.

ಅನ್ಯಾಯ ಮಾಡಿದೆ ಎಂಬ ಮಾತು ಅವನ ಬಾಯಿಂದ ಬೀಳುವವರೆಗೂ ಮುದುಕ ಬದುಕಿರಬೇಕು.